ಮಗುವಿನ ಮುಖ ಮುಚ್ಚಬೇಡಿ, ತಂಗಿ

ಹೊಳೆನರಸೀಪುರದ ಕಡೆಯ ಬಾಣಂತಿಯೊಬ್ಬರು ಹೋದ ಸಂಚಿಕೆಯಲ್ಲಿ ಬರೆದಿದ್ದರು: ತಿಂಗಳ ಮಗಳಿಗೆ ತುಟಿಯೂ ಅಂಗುಳವೂ ಸೀಳಿವೆ. ಕುಡಿಸಿದ ಹಾಲು ಮೂಗಲ್ಲಿ ಬರುತ್ತದೆ. ಗ್ರಹಣದ ದಿನ ತರಕಾರಿ ಹೆಚ್ಚಿದ್ದೇ ಕಾರಣ ಅಂತ ಮನೆಯವರು ಬೈಯುತ್ತಾರೆ. ಯಾರಾದರೂ ಬಂದರೆ ಮಗುವಿನ ಮುಖಕ್ಕೆ ಸೆರಗು ಮುಚ್ಚುತ್ತಾರಂತೆ.

ತಂಗಿ, ಗ್ರಹಣದ ಮಾತನ್ನು ಮೊದಲು ತಲೆಯಿಂದ ತೆಗೆದುಹಾಕಿ. ಹೊಟ್ಟೆಯಲ್ಲಿ ಮಗುವಿನ ತುಟಿ ಕೂಡಿಕೊಳ್ಳುವುದು 4ರಿಂದ 7ನೇ ವಾರದೊಳಗೆ, ಅಂಗುಳ 9ನೇ ವಾರದ ಹೊತ್ತಿಗೆ. ಎರಡೂ ಕಡೆಯಿಂದ ಬೆಳೆದು ಬಂದಿದ್ದು ನಡುವೆ ಸೇರದಿದ್ದರೆ ಸೀಳು ಉಳಿಯುತ್ತದೆ. ಬಸಿರು ನಿಂತಿದೆ ಅಂತ ಎಷ್ಟೋ ಜನಕ್ಕೆ ಆಗಿನ್ನೂ ಗೊತ್ತೇ ಇರುವುದಿಲ್ಲ, ಅಲ್ವಾ? ಸುಮಾರು 700 ಮಕ್ಕಳಲ್ಲಿ ಒಂದಕ್ಕೆ ಹೀಗಾಗುತ್ತದೆ. ವಂಶದಲ್ಲಿ ಇರಬಹುದು, ಕೆಲವು ಮೂರ್ಛೆರೋಗದ ಮಾತ್ರೆಗಳಿಂದಲೂ ಆಗಬಹುದು. ಬಹಳ ಮಕ್ಕಳಲ್ಲಿ ಇದೇ ಕಾರಣ ಅಂತ ಬೊಟ್ಟು ಮಾಡಿ ತೋರಿಸಲು ಆಗುವುದಿಲ್ಲ.

ನನ್ನ ಮಗನಿಗೂ ಹೀಗೇ ಇತ್ತು. ಅಂಗುಳ ಸೀಳಿದ್ದರೆ ಮಗುವಿಗೆ ಹಾಲು ಎಳೆದುಕೊಳ್ಳಲು ಆಗುವುದಿಲ್ಲ. ನಿಮಗೆ ಹಾಲು ಕಮ್ಮಿ ಅಂತಲ್ಲ. ಒಳಲೆಯನ್ನು ತೊಳೆದು ನೀರಲ್ಲಿ ಕುದಿಸಿಟ್ಟುಕೊಳ್ಳಿ, ಹಿಂಡಿದ ಎದೆಹಾಲನ್ನು ಅದರಲ್ಲಿ ಕುಡಿಸಿ. ಮಲಗಿಸಿ ಬೇಡ, ತಲೆ ಮೇಲೆ ಬರುವ ಹಾಗೆ ತೋಳಲ್ಲಿ ಕೂರಿಸಿಕೊಳ್ಳಿ. ಕೆನ್ನೆಯ ಒಳಬದಿಗೆ ಸ್ವಲ್ಪ ಸ್ವಲ್ಪವೇ ಬಿಡಿ, ನುಂಗಿದ ಮೇಲೆ ಇನ್ನಷ್ಟು. ನಡುನಡುವೆ ಹೆಗಲಿಗೆ ಹಾಕಿ ತೇಗಿಸಿ. ಮೂಗಲ್ಲಿ ಒಂಚೂರು ಹಾಲು ಬಂದರೆ ಒರೆಸಿ, ಗಾಬರಿ ಬೇಡ. ಕೆಮ್ಮಿದರೆ ನಿಲ್ಲಿಸಿ. ತುಟಿ ನೀಲಿಗಟ್ಟಿದರೆ ಮಾತ್ರ ತಡಮಾಡದೆ ಆಸ್ಪತ್ರೆಗೆ ಓಡಿ.

ಸೆರಗು ತೆಗೆಯಿರಿ. ನಾಮಕರಣವನ್ನೂ ಮುಂದಕ್ಕೆ ಹಾಕಬೇಡಿ.
– ಒಬ್ಬ ತಾಯಿ, ಬೇಲೂರು

ಮಗಳೇ, ನಾನು ನರ್ಸ್ ಆಗಿದ್ದವಳು. ತುಟಿಯ ಆಪರೇಷನ್ ಸಾಮಾನ್ಯವಾಗಿ 3ರಿಂದ 6 ತಿಂಗಳಲ್ಲಿ, ಅಂಗುಳದ್ದು 9ರಿಂದ 18 ತಿಂಗಳಲ್ಲಿ ಮಾಡುತ್ತಾರೆ. ಅಷ್ಟರಲ್ಲಿ ಮಗು ತೂಕ ಕಟ್ಟಬೇಕು, ರಕ್ತ ಚೆನ್ನಾಗಿರಬೇಕು. ಅದಕ್ಕೇ ಆಗಾಗ ತೂಕ ಹಾಕಿಸು. ದುಡ್ಡಿನ ಚಿಂತೆ ಬೇಡ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಇದಕ್ಕೆ ಉಚಿತ ಚಿಕಿತ್ಸೆ ಇದೆ. ಆಶಾ ಕಾರ್ಯಕರ್ತೆಗೆ ಇವತ್ತೇ ಹೇಳು. ಸ್ಮೈಲ್ ಟ್ರೈನ್ ಸಂಸ್ಥೆಯ ಜೊತೆಗಿರುವ ಆಸ್ಪತ್ರೆಗಳಲ್ಲೂ ದುಡ್ಡು ತೆಗೆದುಕೊಳ್ಳುವುದಿಲ್ಲ.
– ನಿವೃತ್ತ ನರ್ಸ್, ಸಕಲೇಶಪುರ

ಆಪರೇಷನ್ ಆಯಿತು ಅಂತ ಸುಮ್ನೆ ಕೂರಬೇಡಿ, ತಾಯಿ. ಹೊಲಿಗೆಯೆಲ್ಲ ಮಾಯ್ದ ಮೇಲೂ ನನ್ನ ತಂಗಿಯ ಮಗಳು ‘ಅಪ್ಪ’ ಅಂದರೆ ‘ಅಮ್ಮ’ ಅಂದ ಹಾಗೆ ಕೇಳುತ್ತಿತ್ತು. ಗಾಳಿಯೆಲ್ಲ ಮೂಗಿಗೆ ಹೋಗುತ್ತಿತ್ತು. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ತರಬೇತಿ ಕೊಡಿಸಿದೆವು. ಈಗ ಶಾಲೆಯಲ್ಲಿ ಪದ್ಯ ಹೇಳುತ್ತಾಳೆ. ಇಂಥ ಮಕ್ಕಳಿಗೆ ಕಿವಿಯೊಳಗೆ ನೀರು ತುಂಬಿ ಕೇಳಿಸುವುದು ಕಮ್ಮಿಯಾಗುವುದು ಜಾಸ್ತಿ. ಕಿವಿಯನ್ನೂ ಪರೀಕ್ಷೆ ಮಾಡಿಸಿ.
– ಸೋದರಮಾವ, ಚಿಕ್ಕಮಗಳೂರು