ಅರ್ಧ ಶಕ್ತಿಗೆ ನಿಲ್ಲಿಸಲು ಹೇಳು, ಪುಟ್ಟಿ

ಪುಟ್ಟಿ, ನಿನ್ನೆ ರಾತ್ರಿ ನೀನು ನಮ್ಮ ಮನೆಯವರ ಗುಂಪಿಗೆ ಹಾಕಿದ ಸಂದೇಶವನ್ನು ಬೆಳಿಗ್ಗೆ ಎದ್ದು ಕನ್ನಡಕ ಹಾಕಿಕೊಂಡು ಎರಡು ಸಲ ಓದಿದೆ. ಅಪ್ಪನಿಗೆ 64 ತುಂಬಿತು, ಎರಡು ತಿಂಗಳಿಂದ ಅಳಿಯಂದಿರ ಜೊತೆ ಅಪಾರ್ಟ್‌ಮೆಂಟಿನ ಜಿಮ್ಮಿಗೆ ಹೋಗುತ್ತಿದ್ದಾರೆ, ಅದು ಸಾಲದೆಂದು ಕೈಗಡಿಯಾರ ನೋಡಿಕೊಂಡು ದಿನಕ್ಕೆ 10,000 ಹೆಜ್ಜೆ ನಡೆಯುತ್ತಾರೆ, ನಾಲ್ಕು ಕಿಲೋ ಇಳಿದಿದ್ದಾರೆ, ರಾತ್ರಿ ಎರಡು ಗಂಟೆಗೆ ಎಚ್ಚರವಾದರೆ ಮತ್ತೆ ನಿದ್ರೆ ಇಲ್ಲ, ಮಂಡಿಯಲ್ಲಿ ಲಟಲಟ ಸದ್ದು, ಕೇಳಿದರೆ ‘ಕೊಬ್ಬು ಕರಗುತ್ತಿದೆ, ಒಳ್ಳೆಯದೇ’ ಎನ್ನುತ್ತಾರೆ, ಏನು ಮಾಡಲಿ ಎಂದು ಕೇಳಿದ್ದೀಯ. ಕರಗುವುದಕ್ಕೆ ನನ್ನ ತಮ್ಮನ ಮೈಯಲ್ಲಿ ಕೊಬ್ಬು ಯಾವ ಕಾಲಕ್ಕೆ ಇತ್ತಮ್ಮಾ? ನೀನು ಹೆದರಿದ್ದು ಸರಿಯಾಗಿಯೇ ಇದೆ. ಬೆರಳಿನಿಂದ ಒತ್ತಿ ಒತ್ತಿ ಬರೆಯುವುದು ನನಗಾಗದು, ಮಾತಿನಲ್ಲೇ ಹೇಳುತ್ತೇನೆ. ಉದ್ದವಾದರೂ ಕೊನೆಯವರೆಗೆ ಕೇಳು, ಅವನನ್ನೂ ಪಕ್ಕದಲ್ಲಿ ಕೂರಿಸಿಕೊಂಡು ಕೇಳಿಸು.

ನಮ್ಮ ಮನೆತನದ ಮೈಕಟ್ಟು ನಿಮಗೆಲ್ಲ ಗೊತ್ತಿರುವುದೇ. ಹಾಸನದ ಅಕ್ಕನೊಬ್ಬಳನ್ನು ಬಿಟ್ಟರೆ ಅಜ್ಜನಿಂದ ನನ್ನವರೆಗೆ ಎಲ್ಲರದ್ದೂ ಒಣಕಲು ಮೈ, ಎದ್ದು ಕಾಣುವ ಕೀಲು, ಒಡೆಯುವ ಹಿಮ್ಮಡಿ, ಸದಾ ತಣ್ಣಗಿರುವ ಕೈಕಾಲು, ಬೆಕ್ಕು ನಡೆದರೂ ಎಚ್ಚರವಾಗುವ ನಿದ್ರೆ. ಇದನ್ನೇ ಆಯುರ್ವೇದದಲ್ಲಿ ವಾತ ಪ್ರಕೃತಿ ಎನ್ನುವುದು. ಒಣಗಿಸುವ ವಾತ, ಬಿಸಿ ಮಾಡುವ ಪಿತ್ತ, ಜಿಡ್ಡಿನ ಕಫ ಎಂಬ ಮೂರು ದೋಷಗಳು ಮೈಯನ್ನು ನಡೆಸುತ್ತವೆ ಎನ್ನುತ್ತದೆ ಆ ಶಾಸ್ತ್ರ. ಬಾಲ್ಯದಲ್ಲಿ ಕಫ, ನಡುವಯಸ್ಸಿನಲ್ಲಿ ಪಿತ್ತ, ಮುಪ್ಪಿನಲ್ಲಿ ವಾತ ಮೇಲುಗೈಯಾಗುತ್ತದೆ ಎಂಬುದು ಅಲ್ಲಿಯ ಲೆಕ್ಕ. ಹುಟ್ಟಿನಿಂದಲೇ ವಾತವಿರುವ ಮೈಗೆ ಮುಪ್ಪಿನ ವಾತವೂ ಬಂದು ಸೇರಿದರೆ ಒಣಗಿದ ತರಗೆಲೆಗೆ ಗಾಳಿ ಬೀಸಿದಂತಾಗುತ್ತದೆ. ಅಳಿಯಂದಿರ ವಿಷಯ ಬೇರೆ. ಅವರಿಗೆ ಇನ್ನೂ 36, ಅಗಲವಾದ ಭುಜ, ಎಣ್ಣೆ ಸವರಿದಂತಿರುವ ಚರ್ಮ, ದಿಂಬಿಗೆ ತಲೆ ಕೊಟ್ಟ ಕೂಡಲೇ ನಿದ್ರೆ. ಅಂಥ ಕಫದ ಮೈ ಬೆವರು ಹರಿಸಿದಷ್ಟೂ ಹಗುರವಾಗುತ್ತದೆ. ಅವರಿಗೆ ಔಷಧವಾಗಿರುವ ಒಂದು ಗಂಟೆಯ ಕಸರತ್ತೇ ನಿನ್ನ ಅಪ್ಪನಿಗೆ ಕಾಯಿಲೆ ತರಬಲ್ಲದು.

ಇದನ್ನು ನಾನು ಪುಸ್ತಕ ಓದಿ ಹೇಳುತ್ತಿಲ್ಲ. 2012ರಲ್ಲಿ 60ಕ್ಕೆ ನಿವೃತ್ತನಾದಾಗ ನನ್ನ ತಲೆಗೂ ಇದೇ ಹುಚ್ಚು ಹತ್ತಿತ್ತು. ನಮ್ಮ ಬೀದಿಯ ಕೊನೆಯ ಮನೆಯ ಪೈಲ್ವಾನರು ನಿಮಗೆ ನೆನಪಿರಬೇಕು, ನನಗಿಂತ ಒಂದೇ ವರ್ಷ ಚಿಕ್ಕವರು, ಹರೆಯದಲ್ಲಿ ಗರಡಿಯಲ್ಲಿ ಮಟ್ಟಿ ಎನ್ನುವ ಕುಸ್ತಿಯ ಮಣ್ಣು ಅಗೆದು, ದಂಡ ಬಸ್ಕಿ ಹೊಡೆದು ಬೆಳೆದ ಮೈ. ಮುಂದಿನ ರಥಸಪ್ತಮಿಗೆ ಇಬ್ಬರೂ ಸೇರಿ 108 ಸೂರ್ಯ ನಮಸ್ಕಾರ ಹಾಕಿದೆವು. ಮಾಘ ಮಾಸದ ಚಳಿ, ಮೈ ಬೆಚ್ಚಗಾಯಿತು, ಹಿತವೆನಿಸಿತು. ಅದೇ ಉತ್ಸಾಹದಲ್ಲಿ ದಿನವೂ ಬೆಳಿಗ್ಗೆ ಐದಕ್ಕೆ ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು ಹತ್ತಲು ತೊಡಗಿದೆವು. ಅವರು ಹೊರಡುವ ಮೊದಲು ನೆನೆಸಿದ ಬಾದಾಮಿ, ಹಾಲು ತೆಗೆದುಕೊಂಡು ಬರುತ್ತಿದ್ದರು. ನಾನು ಹಿಂದಿನ ಸಂಜೆ ಏಳಕ್ಕೆ ಕುಡಿದ ಗಂಜಿಯ ಮೇಲೆಯೇ ಹತ್ತುತ್ತಿದ್ದೆ, ಖಾಲಿ ಹೊಟ್ಟೆಯಲ್ಲಿ ಮಾಡಿದರೆ ಫಲ ಹೆಚ್ಚು ಎಂದು ಯಾರೋ ಹೇಳಿದ್ದನ್ನು ನಂಬಿದ್ದೆ.

ಯುಗಾದಿ ಹೊತ್ತಿಗೆ ಅವರ ಹೊಟ್ಟೆ ಇಳಿದು ಪಂಚೆ ಸಡಿಲವಾಯಿತು. ನನಗೆ ಮಲಬದ್ಧತೆ ಶುರುವಾಯಿತು, ತುಟಿ ಒಡೆಯಿತು, ನಿದ್ರೆ ಹಾರಿಹೋಯಿತು, ಮಂಡಿ ನಿನ್ನ ಅಪ್ಪನದ್ದರಂತೆಯೇ ಲಟಲಟ ಎಂದಿತು. ಹೆಂಡತಿ ಬೇಡವೆಂದರೂ ಕೇಳಲಿಲ್ಲ. ಪಂಚಾಂಗದ ಪ್ರಕಾರ ಅದು ವಸಂತವೇ ಇರಬಹುದು, ಆದರೆ ನಮ್ಮ ಮೈಸೂರಿನಲ್ಲೂ ಏಪ್ರಿಲ್, ಮೇ ತಿಂಗಳ ಬಿಸಿಲು ಗ್ರೀಷ್ಮಕ್ಕೆ ಕಡಿಮೆಯದ್ದಲ್ಲ. ಬಸವ ಜಯಂತಿ ಕಳೆದ ಮರುವಾರ, ದಾರಿಯಲ್ಲಿ ಸಿಗುವ ನಂದಿ ವಿಗ್ರಹ ಇನ್ನೂ ಮೇಲೆ ಇದೆ ಎನ್ನುವಾಗ ನಾಲಿಗೆ ಒಣಗಿ ಅಂಗುಳಕ್ಕೆ ಅಂಟಿಕೊಂಡಿತು. ಮೂಗಿನ ಉಸಿರು ಸಾಲದೆ ಬಾಯಿ ತೆರೆದು ಉಸಿರಾಡುತ್ತಿದ್ದೆ. ಪೈಲ್ವಾನರು ಇಪ್ಪತ್ತು ಮೆಟ್ಟಿಲು ಮುಂದಿದ್ದರು, ಹಿಂದೆ ಬೀಳಬಾರದೆಂದು ಮತ್ತೆ ಕಾಲೆತ್ತಿದೆ. ಕಣ್ಣು ಕತ್ತಲಿಟ್ಟಿತು. ತಿಳಿವು ಬಂದಾಗ ನನ್ನ ಕೆನ್ನೆ ಮೆಟ್ಟಿಲಿನ ಮೇಲಿತ್ತು. ಹರಕೆ ಹೊತ್ತ ಹೆಣ್ಣುಮಗಳೊಬ್ಬಳು ಮೆಟ್ಟಿಲು ಮೆಟ್ಟಿಲಿಗೂ ಅರಿಶಿನ ಕುಂಕುಮ ಹಚ್ಚುತ್ತ ಬರುತ್ತಿದ್ದಳು, ಅದು ನನ್ನ ಗಲ್ಲಕ್ಕೆ ಮೆತ್ತಿಕೊಂಡದ್ದನ್ನು ಕಂಡು ಪೈಲ್ವಾನರು ರಕ್ತವೆಂದು ಕೂಗಿಕೊಂಡರು. ತಲೆಗೆ ಪೆಟ್ಟಾಗಿರಲಿಲ್ಲ, ತಾಯಿ ಕಾಪಾಡಿದಳು. ಬಲಗೈಯ ಮಣಿಕಟ್ಟು ಮುರಿದಿತ್ತು. ಆರು ವಾರ ಪಟ್ಟಿ, ಆಮೇಲೆ ಮೂರು ತಿಂಗಳು ಅನ್ನ ಕಲಸಲೂ ಆಗಲಿಲ್ಲ.

ಮೂಳೆಯ ಡಾಕ್ಟರರು ಮೂಳೆ ಕೂಡಿಸಿದರು, ಹೃದಯವನ್ನೂ ನೋಡಿ ಸರಿಯಿದೆ ಎಂದರು. ನಂಜನಗೂಡು ಕಡೆಯ ಹಳೆಯ ವೈದ್ಯರೊಬ್ಬರ ಬಳಿ ಹೋದಾಗ ಅವರು ಕೈಯನ್ನು ನೋಡಲೇ ಇಲ್ಲ. ನಿದ್ರೆ ಹೋಗಿ ಎಷ್ಟು ದಿನವಾಯಿತು, ಎಣ್ಣೆ ನೀರು ಹಾಕಿಕೊಂಡು ಎಷ್ಟು ವರ್ಷವಾಯಿತು, ಬೆಟ್ಟ ಹತ್ತುವಾಗ ಬಾಯಲ್ಲಿ ಉಸಿರಾಡುತ್ತಿದ್ದಿರಾ ಎಂದು ಮೂರೇ ಪ್ರಶ್ನೆ ಕೇಳಿದರು. ಆಮೇಲೆ ಅವರೇ ಬಿಡಿಸಿ ಹೇಳಿದರು: ವ್ಯಾಯಾಮದಿಂದ ಮೈ ಹಗುರವಾಗುತ್ತದೆ, ಕೆಲಸದ ಶಕ್ತಿ ಬರುತ್ತದೆ, ಜಠರಾಗ್ನಿ ಉರಿಯುತ್ತದೆ, ಮೇದಸ್ಸು ಎಂದರೆ ಕೊಬ್ಬು ಕರಗುತ್ತದೆ ಎಂದು ವಾಗ್ಭಟರು ಅಷ್ಟಾಂಗ ಹೃದಯವೆಂಬ ಹಳೆಯ ಆಯುರ್ವೇದ ಗ್ರಂಥದಲ್ಲಿ ಹೊಗಳಿದ್ದಾರೆ. ಆದರೆ ಅದರ ಬೆನ್ನಿಗೇ ವಾತ ಪಿತ್ತದ ಕಾಯಿಲೆಯವರು, ಮಕ್ಕಳು, ಮುದುಕರು, ಅಜೀರ್ಣವಾದವರು ಅದನ್ನು ಬಿಡಬೇಕೆಂದೂ, ಬಲವಿದ್ದು ಜಿಡ್ಡಿನ ಊಟ ಮಾಡುವವರು ಸಹ ಚಳಿಗಾಲ ಮತ್ತು ವಸಂತದಲ್ಲಿ ಅರ್ಧ ಶಕ್ತಿಯಷ್ಟೇ ಮಾಡಬೇಕೆಂದೂ, ಉಳಿದ ಕಾಲದಲ್ಲಿ ಇನ್ನೂ ಕಡಿಮೆ ಸಾಕೆಂದೂ ಹೇಳಿದ್ದಾರೆ. ಮಿತಿ ಮೀರಿದವನಿಗೆ ಅವರು ಕೊಟ್ಟ ಹೋಲಿಕೆ ಆನೆಯನ್ನು ಎಳೆಯಲು ಹೋಗಿ ತಾನೇ ಸಾಯುವ ಸಿಂಹದ್ದು. ಅರ್ಧ ಶಕ್ತಿ ಎಂದರೆ ಎಷ್ಟು ಎಂದು ನಾನು ಕೇಳಿದೆ. ಅದಕ್ಕೆ ಸುಶ್ರುತ ಸಂಹಿತೆ ಎಂಬ ಇನ್ನೊಂದು ಹಳೆಯ ಗ್ರಂಥದಲ್ಲಿ ಗುರುತು ಇದೆ ಎಂದರು: ಎದೆಯಲ್ಲಿರುವ ವಾಯು ಬಾಯಿಗೆ ಬಂದರೆ, ಅಲ್ಲಿಗೆ ಅರ್ಧ ಬಲ ಮುಗಿಯಿತು. ಹಣೆ, ಮೂಗು, ಕಂಕುಳು, ಕೈಕಾಲಿನ ಕೀಲುಗಳಲ್ಲಿ ಬೆವರು ಹನಿದು ಬಾಯಿ ಒಣಗುವುದೂ ಅದೇ ಗುರುತು. ನಾನು ಬಿದ್ದ ದಿನ ಆ ಗುರುತು ಬೆಟ್ಟದ ಬುಡದ ನೂರನೇ ಮೆಟ್ಟಿಲಿನಲ್ಲೇ ಕಾಣಿಸಿತ್ತು.

ಆದ್ದರಿಂದ ನಿನ್ನ ಅಪ್ಪನಿಗೆ ಸ್ಪಷ್ಟವಾಗಿ ಹೇಳು. ಬಾಯಿ ತೆರೆದು ಉಸಿರಾಡುವ ಸ್ಥಿತಿ ಬಂದ ಕೂಡಲೇ ನಿಲ್ಲಿಸಬೇಕು, ಪಕ್ಕದವರು ಎಷ್ಟು ಮುಂದಿದ್ದಾರೆ ಎಂದು ನೋಡಬಾರದು. ಕೈಗಡಿಯಾರ ಹೇಳುವ 10,000 ಹೆಜ್ಜೆಯನ್ನೂ ಅವನು ವೇದವಾಕ್ಯವೆಂದು ತಿಳಿಯಬೇಕಾಗಿಲ್ಲ. 1965ರಲ್ಲಿ ಜಪಾನಿನಲ್ಲಿ ಹೆಜ್ಜೆ ಎಣಿಸುವ ಯಂತ್ರವೊಂದನ್ನು ಮಾರಾಟಕ್ಕೆ ತಂದವರು ಅದಕ್ಕೆ ‘ಹತ್ತು ಸಾವಿರ ಹೆಜ್ಜೆಯ ಮಾಪಕ’ ಎಂಬ ಅರ್ಥದ ಹೆಸರಿಟ್ಟರು, ಆ ಸಂಖ್ಯೆ ಅಲ್ಲಿಂದ ಜಗತ್ತಿಗೆಲ್ಲ ಹರಡಿತು. ಆ ಯಂತ್ರಕ್ಕೆ ನನ್ನ ತಮ್ಮನ ಮಂಡಿ ಗೊತ್ತಿಲ್ಲ.

ಗರಡಿಯ ಉಸ್ತಾದರು ಇದನ್ನು ತಿಳಿದವರಾಗಿದ್ದರು. ಹುಡುಗರಿಗೆ ಒಂದು ಲೆಕ್ಕ, ಕಟ್ಟುಮಸ್ತಾದವರಿಗೆ ಒಂದು ಲೆಕ್ಕ, ವಯಸ್ಸಾದವರು ಬಂದರೆ ಮಟ್ಟಿಯ ಅಂಚಿನಲ್ಲಿ ಕೂತು ಮೈಗೆ ಎಣ್ಣೆ ತಿಕ್ಕಿಸಿಕೊಂಡು ಹೋಗುವುದು. ಎಣ್ಣೆ ಎಂದಾಗ ಒಂದು ಮಾತು ಆಡಲೇಬೇಕು, ಯಾರೂ ಬೇಸರ ಮಾಡಿಕೊಳ್ಳಬೇಡಿ. ನಮ್ಮ ಹಳೆಯ ಮನೆಯ ಬಚ್ಚಲಿನಲ್ಲಿದ್ದ ತಾಮ್ರದ ಹಂಡೆಯನ್ನು ಮನೆ ರಿಪೇರಿ ಮಾಡಿಸುವಾಗ ಗುಜರಿಗೆ ತೂಕದ ಲೆಕ್ಕದಲ್ಲಿ ಕೊಟ್ಟಿರಿ, ನಾನು ಧರ್ಮಸ್ಥಳಕ್ಕೆ ಹೋಗಿದ್ದ ಎರಡೇ ದಿನದಲ್ಲಿ, ನನ್ನನ್ನು ಒಂದು ಮಾತು ಕೇಳಲಿಲ್ಲ. ಗೀಸರ್ ಬಂತು, ನೆಲಕ್ಕೆ ನುಣುಪಾದ ಹಾಸುಗಲ್ಲು ಬಂತು, ಎಣ್ಣೆ ಹಚ್ಚಿಕೊಂಡರೆ ಜಾರುತ್ತದೆ, ಕಲೆಯಾಗುತ್ತದೆ ಎಂದು ಶನಿವಾರದ ಎಣ್ಣೆ ಸ್ನಾನವೇ ನಿಂತುಹೋಯಿತು. ಅಮ್ಮ ಬೆಚ್ಚಗಿನ ಎಳ್ಳೆಣ್ಣೆಯನ್ನು ನೆತ್ತಿಗೆ ಬಡಿದು, ಕಿವಿಗೆ ಎರಡು ಹನಿ ಬಿಟ್ಟು, ಅಂಗಾಲು ತಿಕ್ಕಿ, ಒಂದು ಗಂಟೆ ಬಿಟ್ಟು ಸೀಗೆಪುಡಿ ಹಾಕಿ ನೀರು ಎರೆಯುತ್ತಿದ್ದಳು. ತಲೆ, ಕಿವಿ, ಪಾದಕ್ಕೆ ವಿಶೇಷವಾಗಿ ಎಣ್ಣೆ ಹಚ್ಚಬೇಕು, ಅದು ಮುಪ್ಪು, ಆಯಾಸ, ವಾತ ಮೂರನ್ನೂ ಕಳೆಯುತ್ತದೆ ಎಂದು ವಾಗ್ಭಟರು ಬರೆದದ್ದು ಅವಳಿಗೆ ತಿಳಿದಿರಲಿಲ್ಲ, ಆದರೆ ಮಾಡುತ್ತಿದ್ದಳು. ನಮ್ಮಂಥ ಒಣ ಮೈಯವರಿಗೆ ಬೇಕಾಗಿದ್ದದ್ದೇ ಅದು, ಅದನ್ನೇ ಮನೆಯಿಂದ ಹೊರಗೆ ಹಾಕಿದೆವು. ಆ ಹಂಡೆಯ ನೆನಪಾದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಇರಲಿ, ನೀನು ಕೇಳಿದ್ದು ಏನು ಮಾಡಲಿ ಎಂದು, ಅದನ್ನೇ ಇನ್ನೂ ಹೇಳಿಲ್ಲ. ಮೊದಲು ಡಾಕ್ಟರರ ಬಳಿ ಕರೆದುಕೊಂಡು ಹೋಗು. ಈ ವಯಸ್ಸಿನಲ್ಲಿ ನಾಲ್ಕು ಕಿಲೋ ಇಳಿದು ನಿದ್ರೆ ಹೋಗಿದ್ದರೆ ಅದೆಲ್ಲ ಕಸರತ್ತಿನದ್ದೇ ಎಂದು ನಾವು ತೀರ್ಮಾನಿಸಬಾರದು. ಸಕ್ಕರೆ, ಥೈರಾಯ್ಡ್, ರಕ್ತದೊತ್ತಡ ನೋಡಿಸು, ಅವನ ಬಿ.ಪಿ. ಮಾತ್ರೆಯ ಚೀಟಿಯನ್ನೂ ಒಯ್ಯಿ. ಎದೆ ಬಿಗಿದರೆ, ಎಡಗೈ ಸೆಳೆದರೆ ಎಣ್ಣೆ ಗಿಣ್ಣೆ ಎಂದು ಕೂರದೆ ನೇರವಾಗಿ ಆಸ್ಪತ್ರೆಗೆ ಹೋಗಬೇಕು. ಡಾಕ್ಟರರು ನೋಡುವವರೆಗೆ ಜಿಮ್ಮಿನ ಭಾರ ಎತ್ತುವುದು, ಓಡುವ ಯಂತ್ರ ಎರಡೂ ಬೇಡ.

ಡಾಕ್ಟರರು ಸರಿಯಿದೆ ಎಂದ ಮೇಲೆ ಬಿಸಿಲು ಏರುವ ಮುಂಚೆ, ಏನಾದರೂ ಹಗುರವಾಗಿ ತಿಂದು, ಸಮತಟ್ಟಾದ ಕಡೆ ಇಪ್ಪತ್ತು ನಿಮಿಷ ನಡೆಯಲಿ, ನಡೆಯುತ್ತ ನಿನ್ನ ಜೊತೆ ಮಾತಾಡಲು ಆಗುವಷ್ಟು ನಿಧಾನವಾಗಿ. ಆಮೇಲೆ ಕುರ್ಚಿಯಿಂದ ಎದ್ದು ಕೂರುವುದು ಹತ್ತು ಸಲ, ಗೋಡೆಗೆ ಕೈಯೂರಿ ತಳ್ಳುವುದು ಹತ್ತು ಸಲ ಸಾಕು. ಸುಮ್ಮನೆ ಕೂತರೂ ಕಾಲಿನ ಬಲ ಹೋಗುತ್ತದೆ, ಪೂರ್ತಿ ಬಿಡಬಾರದು. ಊಟದಲ್ಲಿ ತುಪ್ಪ ಎಷ್ಟಿರಬೇಕೆಂದು ಡಾಕ್ಟರರನ್ನೇ ಕೇಳು. ವಾರಕ್ಕೆರಡು ದಿನ ಬೆಚ್ಚಗಿನ ಎಳ್ಳೆಣ್ಣೆ, ಬಚ್ಚಲಿನಲ್ಲಿ ರಬ್ಬರ್ ಚಾಪೆ ಹಾಸಿ. ಅಳಿಯಂದಿರು ತಮ್ಮ ಕಸರತ್ತನ್ನು ಮುಂದುವರಿಸಲಿ, ಅವರ ಮೈಗೆ ಎಣ್ಣೆಗಿಂತ ಹುರುಳಿ ಹಿಟ್ಟಿನಲ್ಲಿ ತಿಕ್ಕಿಕೊಳ್ಳುವುದು ಒಳ್ಳೆಯದು. ಆದರೆ ಮಾವನನ್ನು ಜೊತೆಗೆ ಎಳೆಯಬಾರದು.

ಮತ್ತೆ ಹೇಳುತ್ತೇನೆ, ಬಾಯಿಗೆ ಉಸಿರು ಬಂದರೆ ಅಲ್ಲೇ ನಿಲ್ಲಿಸಬೇಕು. ಜಿಮ್ಮಿನವರು ಇನ್ನೊಂದು ಸಲ ಎಂದು ಹುರಿದುಂಬಿಸಿದರೂ ನಿಲ್ಲಿಸಬೇಕು.

ರಕ್ತ ಪರೀಕ್ಷೆಗೆ ಖಾಲಿ ಹೊಟ್ಟೆಯಲ್ಲಿ ಹೋಗಬೇಕಾಗುತ್ತದೆ, ಆ ದಿನ ಬೆಳಿಗ್ಗೆ ನಡೆಯುವುದು ಬೇಡ. ಆಟೋದಲ್ಲಿ ಹೋಗಿ, ಮನೆಗೆ ಬಂದು ತಿಂಡಿ ತಿಂದಾದ ಮೇಲೆ ಅವನ ಕೈಯಲ್ಲೇ ನನಗೆ ಫೋನ್ ಮಾಡಿಸು.