ಸಹಾಯ ಬೇಕು: 16 ಮಹಡಿ ಅಪಾರ್ಟ್‌ಮೆಂಟ್‌ಗೆ ಸೋಲಾರ್, ಲಿಫ್ಟ್‌ನ ಕರೆಂಟ್ ಉಳಿತಾಯ

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನಲ್ಲಿ ನಮ್ಮದು 16 ಮಹಡಿ, 96 ಮನೆ. ಲಿಫ್ಟ್, ಪಂಪ್, ಬೇಸ್‌ಮೆಂಟ್ ದೀಪಗಳ ಬಿಲ್ ಕಟ್ಟಿ ಸಾಕಾಗಿದೆ. ಸೋಲಾರ್ ಹಾಕಿಸಲೇಬೇಕು ಅಂತ ಕಮಿಟಿಯಲ್ಲಿ ಹಟ ಹಿಡಿದಿದ್ದೇನೆ.

ತೊಂದರೆ ಟೆರೇಸಿನದು. ಒಂದು ಕಿಲೋವ್ಯಾಟ್‌ಗೆ ಸುಮಾರು 100 ಚದರಡಿ ಬೇಕು. ಟ್ಯಾಂಕ್, ಲಿಫ್ಟ್ ರೂಮಿನ ನೆರಳು ಬಿಟ್ಟರೆ ಸಿಗೋದು 2,500. ಅಂದರೆ 25 ಕಿಲೋವ್ಯಾಟ್, ದಿನಕ್ಕೆ ಅಂದಾಜು 100 ಯೂನಿಟ್. ಮನೆಗಳಿಗೆ ಹಂಚೋಕೆ ಸಾಲದು, ಕಾಮನ್ ಮೀಟರ್‌ಗೆ ಮಾತ್ರ. ಕೇಂದ್ರ ಸರ್ಕಾರದ ಯೋಜನೆ ಪಿಎಂ ಸೂರ್ಯ ಘರ್‌ನಲ್ಲಿ ನಿವಾಸಿಗಳ ಸಂಘಕ್ಕೆ ಕಿಲೋವ್ಯಾಟ್‌ಗೆ 18,000 ರೂ. ಸಬ್ಸಿಡಿ ಇದೆಯಲ್ಲ, ಪಡೆದವರು ಯಾರಾದರೂ ಇದ್ದೀರಾ? ಏನೇನು ಕಾಗದಪತ್ರ ಕೇಳಿದರು, ಲೈನಿಗೆ ಕೊಟ್ಟ, ಪಡೆದ ಕರೆಂಟ್ ಎರಡನ್ನೂ ಅಳೆಯೋ ನೆಟ್ ಮೀಟರ್‌ಗೆ ಎಷ್ಟು ದಿನ ಹಿಡಿಯಿತು?

ಇನ್ನೊಂದು ವಿಷಯ. ಮೊನ್ನೆ ಲಿಫ್ಟ್ ರೂಮಿನಲ್ಲಿ ಡ್ರೈವ್ (ಮೋಟಾರಿನ ವೇಗ ನಿಯಂತ್ರಿಸೋ ಸಾಧನ) ಪಕ್ಕದ ರೆಸಿಸ್ಟರ್ ಪೆಟ್ಟಿಗೆ ಹತ್ತಿರ ಕೈ ಹಿಡಿದೆ, ಒಲೆ ಮುಂದೆ ಹಿಡಿದ ಹಾಗಿತ್ತು. ಖಾಲಿ ಲಿಫ್ಟ್ ಏರುವಾಗ (ಇನ್ನೊಂದು ತುದಿಯ ಸಮತೂಕದ ಭಾರವೇ ಅದನ್ನು ಮೇಲೆಳೆಯುತ್ತೆ), ತುಂಬಿದ ಲಿಫ್ಟ್ ಇಳಿಯುವಾಗ ಮೋಟಾರೇ ಕರೆಂಟ್ ಉತ್ಪಾದಿಸುತ್ತೆ. ಅದೆಲ್ಲ ಅಲ್ಲಿ ಬರೀ ಶಾಖವಾಗಿ ಹೋಗ್ತಿದೆ. ನೋಡಿ ಹೊಟ್ಟೆ ಉರಿಯಿತು. ಹಳೇ ಲಿಫ್ಟ್‌ಗೆ ರೀಜನರೇಟಿವ್ ಡ್ರೈವ್ (ಆ ಕರೆಂಟನ್ನು ಕಟ್ಟಡದ ಲೈನಿಗೇ ವಾಪಸ್ ಕೊಡೋದು) ಹಾಕಿಸಿದವರು ದಯವಿಟ್ಟು ಅನುಭವ ಹೇಳಿ. ಪಂಪ್‌ಗಳನ್ನು ಬೆಳಿಗ್ಗೆ 6ರ ಬದಲು ಬಿಸಿಲಿರುವಾಗ ಟೈಮರ್ ಮೇಲೆ ಓಡಿಸೋ ಯೋಚನೆಯೂ ಇದೆ.

ಭಾನುವಾರ ಸಂಘದ ಸಭೆ. ಅಷ್ಟರೊಳಗೆ ತಿಳಿಸಿದರೆ ದೊಡ್ಡ ಉಪಕಾರ.