ದೇವರಿಗಾಗಿ ಕಾದು ಮನಸ್ಸು ಕುಗ್ಗಿದಾಗ ವಿಶ್ವಾಸ ಉಳಿಯುವುದು ಹೇಗೆ?

ಪ್ರಶ್ನೆ

ಕರ್ತನಲ್ಲಿ ಪ್ರಿಯರಾದ ಎಲ್ಲರಿಗೂ ವಂದನೆಗಳು. ನಮ್ಮ ಹಿರಿಯ ಮಗಳು ಮನೆಯವರೊಂದಿಗೆ ಮಾತು ಬಿಟ್ಟು ಹಲವು ವರ್ಷಗಳಾದವು. ಅದರ ಕಾರಣವನ್ನು ಇಲ್ಲಿ ಬರೆದರೆ ಅವಳಿಗೆ ನ್ಯಾಯವಾಗದು; ಅವಳು ಮನೆಗೂ ಬರುವುದಿಲ್ಲ, ಸಭೆಗೂ ಹೋಗುವುದಿಲ್ಲ ಎಂದಷ್ಟೇ ಹೇಳುತ್ತೇನೆ. ಬೆಳಗಿನ ಪ್ರಾರ್ಥನೆಯಲ್ಲಿ ಅವಳ ಹೆಸರು ಹೇಳದ ದಿನವಿಲ್ಲ. ಆದರೆ ಈಗೀಗ ಮೊಣಕಾಲೂರಿ ಆ ಹೆಸರನ್ನು ಹೇಳಿದ ಮೇಲೆ ಮುಂದಕ್ಕೆ ಮಾತೇ ಹೊರಡುವುದಿಲ್ಲ. ಆರಾಧನೆಯಲ್ಲಿ ಸಾಕ್ಷಿ ಹೇಳುವ ಸಮಯ ಬಂದು, ಒಬ್ಬರಾದ ಮೇಲೊಬ್ಬರು ಎದ್ದು ದೇವರು ತಮ್ಮ ಮೊರೆಯನ್ನು ಕೇಳಿದ ಬಗೆಯನ್ನು ವಿವರಿಸುವಾಗ, ನಾನು ತಲೆ ತಗ್ಗಿಸಿ ಹಾಡಿನ ಪುಸ್ತಕದ ಪುಟಗಳನ್ನು ಸುಮ್ಮನೆ ತಿರುವುತ್ತಾ ಕೂರುತ್ತೇನೆ. ಅವರ ಸಂತೋಷಕ್ಕೆ ಆಮೆನ್ ಎನ್ನಲು ಬಾಯಿ ಬರುವುದಿಲ್ಲ. ಮನೆಗೆ ಬಂದ ಮೇಲೆ ಅದಕ್ಕೂ ಅಳು ಬರುತ್ತದೆ.

ನಿಮ್ಮ ನಂಬಿಕೆಯಲ್ಲಿ ಎಲ್ಲೋ ಕೊರತೆಯಿರಬೇಕು ಎಂದು ಹಿರಿಯರೊಬ್ಬರು ಹೇಳಿದರು. ಇನ್ನೊಬ್ಬರು, ನಿಮ್ಮ ವಿಷಯದಲ್ಲಿ ನನಗಿರುವ ಆಲೋಚನೆಗಳು ಕೇಡಿನವಲ್ಲ, ಹಿತದವೇ ಎಂದು ದೇವರು ಹೇಳುವ ಯೆರೆಮೀಯ 29:11ನ್ನು ಚೀಟಿಯಲ್ಲಿ ಬರೆದುಕೊಟ್ಟರು. ಹೀಗೆ ಮನಸ್ಸು ಕುಗ್ಗುವುದು ಅವಿಶ್ವಾಸವೇ? ಮಾತೇ ಬಾರದಿರುವಾಗ ಪ್ರಾರ್ಥಿಸುವುದು ಹೇಗೆ? ತಿಳಿದವರು ದಯವಿಟ್ಟು ಉತ್ತರಿಸಬೇಕು.

ಮೊದಲನೆಯ ಉತ್ತರ

ಪ್ರಿಯ ಸಹೋದರಿಯವರೇ, ನಿಮ್ಮ ಮೊದಲ ಪ್ರಶ್ನೆಗೆ ನನ್ನ ಉತ್ತರ ಸ್ಪಷ್ಟವಾಗಿದೆ: ಅಲ್ಲ. ಕುಗ್ಗಿದ ಮನಸ್ಸು ಅವಿಶ್ವಾಸವಾಗಿದ್ದಿದ್ದರೆ ಕೀರ್ತನೆಗಳ ಪುಸ್ತಕದ ಬಹುದೊಡ್ಡ ಪಾಲನ್ನು ನಾವು ಸತ್ಯವೇದದಿಂದ ತೆಗೆದುಹಾಕಬೇಕಾಗುತ್ತಿತ್ತು. 13ನೆಯ ಕೀರ್ತನೆಯ ಮೊದಲ ಎರಡೇ ವಚನಗಳಲ್ಲಿ ದಾವೀದನು ಇನ್ನೆಷ್ಟರ ತನಕ ಎಂದು 4 ಬಾರಿ ಕೇಳುತ್ತಾನೆ. ಆ ಕೀರ್ತನೆಯಾದರೂ ಹಾಡಿನಲ್ಲಿ ಮುಗಿಯುತ್ತದೆ. 88ನೆಯ ಕೀರ್ತನೆಯಲ್ಲಿ ಅದೂ ಇಲ್ಲ. ಆಪ್ತರೆಲ್ಲರೂ ದೂರವಾದರು, ಉಳಿದದ್ದು ಕತ್ತಲೆ ಎಂಬಲ್ಲಿಗೆ ಅದು ನಿಂತುಬಿಡುತ್ತದೆ. ಆದರೂ ಅದನ್ನು ಬರೆದವನು ತನ್ನ ಮೊರೆಯನ್ನು ಆರಂಭಿಸುವುದು ನನ್ನನ್ನು ರಕ್ಷಿಸುವ ದೇವರೇ ಎಂದು ಕರೆದು. ಬೆಳಿಗ್ಗೆಯೇ ನನ್ನ ಪ್ರಾರ್ಥನೆ ನಿನ್ನ ಮುಂದೆ ಬರುತ್ತದೆ ಎಂದು ನಡುವೆ ಹೇಳಿಯೂ ಹೇಳುತ್ತಾನೆ. ದೂರುವುದಕ್ಕೂ ಅವನು ದೇವರನ್ನು ಬಿಟ್ಟು ಬೇರೊಬ್ಬರ ಹತ್ತಿರ ಹೋಗಲಿಲ್ಲ. ವಿಶ್ವಾಸವೆಂದರೆ ಅದೇ ಎಂದು ನಾನು ನಂಬಿದ್ದೇನೆ.

ಲಾಜರನೂ ಅವನ ಅಕ್ಕಂದಿರಾದ ಮಾರ್ಥಳೂ ಮರಿಯಳೂ ಇದ್ದ ಬೇಥಾನ್ಯದ ಮನೆಯನ್ನೂ ನೋಡಿರಿ. ಲಾಜರನು ಅಸ್ವಸ್ಥನೆಂಬ ಸುದ್ದಿ ಮುಟ್ಟಿದ ಮೇಲೂ ಯೇಸು ತಾನಿದ್ದ ಸ್ಥಳದಲ್ಲೇ ಇನ್ನೂ 2 ದಿನ ಉಳಿದನು. ಬರುವಷ್ಟರಲ್ಲಿ ಲಾಜರನನ್ನು ಸಮಾಧಿಯಲ್ಲಿಟ್ಟು 4 ದಿನಗಳಾಗಿದ್ದವು. ಮಾರ್ಥಳೂ ಮರಿಯಳೂ ಬೇರೆಬೇರೆಯಾಗಿ ಬಂದು ಹೇಳಿದ್ದು ಒಂದೇ ಮಾತು: ನೀನು ಇಲ್ಲಿ ಇದ್ದಿದ್ದರೆ ನಮ್ಮ ತಮ್ಮ ಸಾಯುತ್ತಿರಲಿಲ್ಲ. ಆ ಮಾತಿನಲ್ಲಿ ಅವನ ಮೇಲಿನ ಭರವಸೆ ಎಷ್ಟಿದೆಯೋ ನೋವೂ ಅಷ್ಟೇ ಇದೆ. ನಿಮಗೆ ನಂಬಿಕೆ ಸಾಲದೆಂದು ಕರ್ತನು ಅವರನ್ನು ಹಿಂದಕ್ಕೆ ಕಳುಹಿಸಲಿಲ್ಲ. ಮರಿಯಳ ಅಳುವನ್ನು ಕಂಡು ತಾನೂ ಅತ್ತನು. ಸೆರೆಮನೆಯಲ್ಲಿದ್ದ ಸ್ನಾನಿಕನಾದ ಯೋಹಾನನು, ಬರಬೇಕಾದವನು ನೀನೋ ಅಥವಾ ಬೇರೊಬ್ಬನಿಗಾಗಿ ಕಾಯಬೇಕೋ ಎಂದು ಕೇಳಿ ಕಳುಹಿಸಿದಾಗಲೂ ಯೇಸು ಸಿಟ್ಟಾಗಲಿಲ್ಲ. ಕೇಳಿದವರು ಅತ್ತ ಹೋದ ಮೇಲೆ ಜನರ ಮುಂದೆ ಯೋಹಾನನನ್ನು ಹೊಗಳಿದನು. ನಿಮಗೆ ಆ ಮಾತು ಹೇಳಿದ ಹಿರಿಯರು ಈ ಭಾಗವನ್ನು ಮತ್ತೊಮ್ಮೆ ಓದಬೇಕೆಂದು ನನ್ನ ಮನಃಪೂರ್ವಕ ಬೇಡಿಕೆ.

ಮಾತು ಹೊರಡದಿರುವ ವಿಷಯದಲ್ಲಿ ರೋಮಾಪುರದವರಿಗೆ ಬರೆದ ಪತ್ರಿಕೆಯ 8:26 ಇದೆ. ಹೇಗೆ ಪ್ರಾರ್ಥಿಸಬೇಕೆಂದು ತಿಳಿಯದವರಿಗಾಗಿ ಆತ್ಮನೇ ಮಾತಿಗೆ ಸಿಗದ ನರಳಾಟದಿಂದ ಬೇಡಿಕೊಳ್ಳುತ್ತಾನೆಂದು ಪೌಲನು ಬರೆಯುತ್ತಾನೆ. ನೀವು ಮಗಳ ಹೆಸರನ್ನು ಹೇಳಿ ಮೌನವಾಗಿ ಕುಳಿತಿದ್ದರೆ ಪ್ರಾರ್ಥನೆ ಅಲ್ಲಿ ಮುಗಿದುಹೋಯಿತೆಂದು ತಿಳಿಯಬೇಡಿರಿ. ಸೆರೆಯಾದ ರಾತ್ರಿ ಗೆತ್ಸೇಮನೆ ತೋಟದಲ್ಲಿ ನಮ್ಮ ಕರ್ತನೂ ಮೂರನೆಯ ಸಾರಿ ಹೊಸ ಮಾತುಗಳನ್ನು ಹುಡುಕಲಿಲ್ಲ. ಮೊದಲು ಹೇಳಿದ್ದನ್ನೇ ಹೇಳಿ ಪ್ರಾರ್ಥಿಸಿದನೆಂದು ಮತ್ತಾಯನು ಬರೆದಿದ್ದಾನೆ.

ಎರಡನೆಯ ಉತ್ತರ

ಮೇಲಿನ ಸಹೋದರರ ಮಾತನ್ನು ಒಪ್ಪುತ್ತೇನೆ. ಚೀಟಿಯಲ್ಲಿ ಬರೆದುಕೊಟ್ಟ ಆ ವಚನದ ಬಗ್ಗೆ ಮಾತ್ರ ಬರೆಯುತ್ತೇನೆ. ಅದನ್ನು ಕೊಟ್ಟವರ ಪ್ರೀತಿಯಲ್ಲಿ ಸಂದೇಹವಿಲ್ಲ. ಆದರೆ ಹನ್ನೊಂದನೆಯ ವಚನವನ್ನು ಹತ್ತನೆಯದರಿಂದ ಕಿತ್ತು ಕೊಡುವುದರಿಂದ ಕಾಯುವವರಿಗೆ ಬಹಳ ನೋವಾಗುತ್ತದೆ. ಬಾಬೆಲ್ ದೇಶಕ್ಕೆ ಸೆರೆಹೋದ ಯೆಹೂದ್ಯರಿಗೆ ಪ್ರವಾದಿಯಾದ ಯೆರೆಮೀಯನು ಬರೆದ ಪತ್ರ ಅದು. ಹತ್ತನೆಯ ವಚನದಲ್ಲಿ 70 ವರ್ಷಗಳ ಅವಧಿಯಿದೆ. ಪತ್ರವನ್ನು ಕೇಳಿಸಿಕೊಂಡ ಹಿರಿಯ ತಲೆಮಾರಿನ ಬಹುಪಾಲು ಜನರು ಮರಳುವ ದಿನವನ್ನು ಕಣ್ಣಾರೆ ಕಾಣುವಂತಿರಲಿಲ್ಲ. ಇದರ ಹಿಂದಿನ ಅಧ್ಯಾಯದಲ್ಲಿ ಹನನ್ಯನೆಂಬ ಪ್ರವಾದಿ ಎರಡೇ ವರ್ಷಗಳಲ್ಲಿ ಎಲ್ಲವೂ ಸರಿಯಾಗುವುದೆಂದು ದೇವಾಲಯದಲ್ಲಿ ಸಾರಿ, ಬಾಬೆಲಿಗೆ ಅಧೀನರಾಗಬೇಕೆಂಬುದರ ಗುರುತಾಗಿ ಯೆರೆಮೀಯನ ಕೊರಳಲ್ಲಿದ್ದ ನೊಗವನ್ನು ತೆಗೆದು ಮುರಿದುಹಾಕಿದನು. ಕೇಳಲು ಅದಕ್ಕಿಂತ ಹಿತವಾದ ಮಾತು ಇನ್ನೊಂದಿರಲಿಲ್ಲ. ಯೆರೆಮೀಯನಿಗೂ ಅದೇ ಬೇಕಾಗಿತ್ತು, ಆಮೆನ್, ಕರ್ತನು ಹಾಗೆಯೇ ಮಾಡಲಿ ಎಂದನು. ಆದರೆ ದೇವರು ಆಡದ ಮಾತನ್ನು ದೇವರ ಬಾಯಲ್ಲಿ ಇಡಲು ಅವನು ಒಪ್ಪಲಿಲ್ಲ.

ಆದ್ದರಿಂದ ಇಂಥ ದಿನದೊಳಗೆ ನಿಮ್ಮ ಮಗಳು ಬಂದೇ ಬರುತ್ತಾಳೆಂದು ನಾನು ಹೇಳಲಾರೆ. ಹೇಳಿದರೆ, ಆ ದಿನ ಕಳೆದ ಮೇಲೆ ನಿಮ್ಮ ದುಃಖಕ್ಕೆ ದೇವರೇ ಮಾತು ತಪ್ಪಿದನೆಂಬ ಇನ್ನೊಂದು ದುಃಖವನ್ನು ನಾನು ಸೇರಿಸಿದಂತಾಗುತ್ತದೆ. ಅವಳಿಗೆ ಅವಳದೇ ಮನಸ್ಸಿದೆ. ಅದನ್ನು ದೇವರೂ ಗೌರವಿಸುತ್ತಾನೆ. ನಾನು ಖಂಡಿತವಾಗಿ ಹೇಳಬಲ್ಲದ್ದು, ಆ ಪತ್ರದಲ್ಲಿ ದೇವರು ತಾನು ಕಳುಹಿಸಿದ ಪರದೇಶದಲ್ಲಿಯೂ ತನ್ನ ಜನರ ಮೊರೆಯನ್ನು ಕೇಳುವೆನೆಂದು ಮಾತುಕೊಟ್ಟಿದ್ದಾನೆ ಎಂಬುದು. ಊರಿಗೆ ಮರಳಿದ ಮೇಲೆ ಮಾತ್ರ ಪ್ರಾರ್ಥಿಸಿರಿ ಎಂದು ಅವನು ಹೇಳಲಿಲ್ಲ.

ಮೂರನೆಯ ಉತ್ತರ

ಅಕ್ಕಾ, ನೀವು ಸರಿಯಾಗಿ ಊಟಮಾಡುತ್ತಿದ್ದೀರಾ, ನಿದ್ದೆ ಬರುತ್ತಿದೆಯೇ? ಸಾಕು, ನನ್ನ ಪ್ರಾಣವನ್ನು ತೆಗೆದುಕೋ ಎಂದು ಬೇಡಿ ಮಲಗಿದ ಪ್ರವಾದಿ ಎಲೀಯನಿಗೆ ದೇವದೂತನು ಮೊದಲು ಉಪದೇಶ ಮಾಡಲಿಲ್ಲ; ಎದ್ದು ತಿನ್ನು ಎಂದನು. ಅವನು ತಿಂದು ಮತ್ತೆ ಮಲಗಿದನು, ದೂತನು ಮತ್ತೆ ಬಂದು ಎಬ್ಬಿಸಿ ತಿನ್ನಿಸಿದನು. ಹೋರೇಬ್ ಬೆಟ್ಟದಲ್ಲಿ ದೇವರೊಂದಿಗೆ ಮಾತುಕತೆ ನಡೆದದ್ದು ಅದಾದ ಮೇಲೆ. ಬಹಳ ದಿನಗಳಿಂದ ನಿದ್ದೆಯಿಲ್ಲದಿದ್ದರೆ, ಬದುಕುವುದೇ ಬೇಡವೆನಿಸುತ್ತಿದ್ದರೆ ತಡಮಾಡದೆ ವೈದ್ಯರನ್ನು ಕಾಣಿರಿ, ಅದರಿಂದ ನಂಬಿಕೆಗೆ ಕುಂದು ಬರುವುದಿಲ್ಲ. ಪೌಲನ ಜೊತೆಗಾರನಾದ ಲೂಕನೂ ವೈದ್ಯನೇ ಅಲ್ಲವೇ?

ಸಭೆಯಲ್ಲಿ ನೀವು ನಂಬುವ ಒಬ್ಬಿಬ್ಬರಿಗೆ ಮಗಳ ಹೆಸರನ್ನು ಕೊಟ್ಟು, ನನಗಾಗದ ದಿನ ನೀವು ಪ್ರಾರ್ಥಿಸಿರಿ ಎಂದು ಕೇಳಿಕೊಳ್ಳಿರಿ. ಮಾಳಿಗೆಯನ್ನು ತೆರೆದು ಪಾರ್ಶ್ವವಾಯು ರೋಗಿಯನ್ನು ಯೇಸುವಿನ ಮುಂದೆ ಇಳಿಸಿದವರು ನಾಲ್ವರು. ಯೇಸು ಕಂಡದ್ದು ಅವರ ನಂಬಿಕೆಯನ್ನು ಎಂದು ಮಾರ್ಕನು ಬರೆಯುತ್ತಾನೆ. ಸಾಕ್ಷಿಯ ಸಮಯದಲ್ಲಿ ಆಮೆನ್ ಬಾರದಿದ್ದರೆ ಬಿಡಿ, ಪಕ್ಕದಲ್ಲಿ ಕೂತವರು ನಿಮ್ಮ ಪರವಾಗಿಯೂ ಹೇಳಲಿ.

ಪ್ರಶ್ನೆ ಕೇಳಿದವರಿಂದ

ಮೂವರಿಗೂ ನಾನು ಋಣಿ. ಯೆರೆಮೀಯನ ಪತ್ರವನ್ನು ಮೊದಲಿನಿಂದ ಓದಿದೆ. ಎಪ್ಪತ್ತು ವರ್ಷವೆಂದು ಓದಿ ಧೈರ್ಯಗೆಡಬೇಕಾಗಿತ್ತು. ಆದರೆ ನನಗೆ ಬಂದದ್ದು ಒಂದು ಬಗೆಯ ನಿರಾಳ, ಏಕೆಂದರೆ ತಡವಾದದ್ದು ನನ್ನ ಪ್ರಾರ್ಥನೆಯ ದೋಷದಿಂದಲೇ ಎಂಬ ಭಾರ ಸ್ವಲ್ಪ ಇಳಿಯಿತು. ನಿದ್ದೆಯ ಬಗ್ಗೆ ಕೇಳಿದ್ದು ಸರಿಯಾಗಿಯೇ ಇತ್ತು, ವೈದ್ಯರನ್ನು ಕಾಣುತ್ತೇನೆ. ಇನ್ನೊಂದೇ ಪ್ರಶ್ನೆ: ಕಾಯುವುದೆಂದರೆ ಸುಮ್ಮನಿರುವುದೇ? ಅವಳಿಗೆ ನಾನಾಗಿ ಕಾಗದ ಬರೆಯಬಹುದೇ?

ಎರಡನೆಯ ಉತ್ತರ ಬರೆದವರಿಂದ

ಬರೆಯಬಹುದು, ಪತ್ರ ಬೇಡವೆಂದು ಅವಳು ಹಿಂದೆ ಹೇಳಿರದಿದ್ದರೆ. ಸೆರೆಯಲ್ಲಿದ್ದವರಿಗೆ ಯೆರೆಮೀಯನು ಕೊಟ್ಟ ಕೆಲಸಗಳನ್ನು ಗಮನಿಸಿರಿ: ಮನೆ ಕಟ್ಟಿರಿ, ತೋಟ ಮಾಡಿ ಅದರ ಹಣ್ಣು ತಿನ್ನಿರಿ, ಮಕ್ಕಳಿಗೆ ಮದುವೆ ಮಾಡಿರಿ, ನೀವಿರುವ ಪಟ್ಟಣದ ಕ್ಷೇಮಕ್ಕಾಗಿ ಪ್ರಾರ್ಥಿಸಿರಿ. ಕಾಯುವವರು ಕೈಕಟ್ಟಿ ಕೂರಬೇಕೆಂದು ದೇವರು ಬಯಸಲಿಲ್ಲ. ಹಿರಿಯ ಮಗಳು ಎಂದಿದ್ದೀರಿ, ಹಾಗಾದರೆ ಮನೆಯಲ್ಲಿ ಇನ್ನೂ ಮಕ್ಕಳಿರಬಹುದು. ಅಮ್ಮನ ಮುಖವೆಲ್ಲ ಅಕ್ಕನ ಕಡೆಗೇ ಇದೆ ಎಂದು ಅವರಿಗೆ ಅನಿಸದಿರಲಿ.

ಕಾಗದ ಚಿಕ್ಕದಾಗಿರಲಿ. ಅವಳು ಉತ್ತರಿಸಲೇಬೇಕಾದ ಪ್ರಶ್ನೆ ಅದರಲ್ಲಿ ಬೇಡ, ವಚನವನ್ನು ಎತ್ತಿ ಹೇಳಿ ಬುದ್ಧಿಹೇಳುವುದೂ ಬೇಡ. ಅವಳ ನೆನಪಾಗುತ್ತದೆ, ಬಾಗಿಲು ತೆರೆದಿದೆ, ನಿಮ್ಮಿಂದಾದ ನೋವಿದ್ದರೆ ಕೇಳಲು ಸಿದ್ಧರಿದ್ದೀರಿ ಎಂಬಷ್ಟು ಸಾಕು. ನಿಮ್ಮಿಂದಾಗುವ ಮಟ್ಟಿಗೆ ಎಲ್ಲರೊಂದಿಗೆ ಸಮಾಧಾನದಿಂದಿರಿ ಎಂದು ಪೌಲನು ಬರೆದದ್ದರಲ್ಲಿ ಆ ಮಟ್ಟಿಗೆ ಎಂಬುದೂ ಇದೆ. ಮಿಕ್ಕದ್ದು ನಿಮ್ಮ ಹೊಣೆಯಲ್ಲ. ಬರೆದ ಮೇಲೆ ಕಳುಹಿಸುವ ಮುಂಚೆ, ಪ್ರಾರ್ಥನೆಗೆ ಜೊತೆಯಾಗುವವರಲ್ಲಿ ಒಬ್ಬರಿಗೆ ಅದನ್ನು ಓದಲು ಕೊಡಿರಿ. ದೂರಿನಂತೆ ಕೇಳುವ ಸಾಲು ಎಲ್ಲಿದೆಯೆಂದು ಅವರು ತೋರಿಸಲಿ, ಅದನ್ನು ತೆಗೆದು ಅಂಚೆಗೆ ಹಾಕಿರಿ.